ರಾಹುಕಾಲದ ತನಕ ಏಳದ ಪಂಕ್ತಿ

ಹೆಸರು ಎನ್. ರಾಮಸ್ವಾಮಿ. ವಯಸ್ಸು 64. ಮೂಲ ಊರು ನಂಜನಗೂಡು. ಬಂದರು ಇಲಾಖೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತಿಯಾಗಿದೆ; ಈಗ ಉದ್ಯೋಗವಿಲ್ಲ. ಶನಿವಾರ ಶನಿವಾರ ಫುಟ್‌ಬಾಲ್ ನೋಡುವುದನ್ನು ಉದ್ಯೋಗವೆಂದು ಬರೆಯಲು ಬರುವುದಿಲ್ಲವೆಂದು ತಿಳಿಸಲಾಯಿತು. ವಾಸ ವಡಾಲ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯ ಹಳೆಯ ಚಾಳ್, ಎರಡನೇ ಮಾಳಿಗೆ, ಖೋಲಿ ನಂಬರ್ 14, ಮುಂಬಯಿ.

ಈ ದಿನ ದಿನಾಂಕ 16-11-1987ರ ಸೋಮವಾರ ಬೆಳಿಗ್ಗೆ 11 ಗಂಟೆಗೆ ನನ್ನನ್ನು ಠಾಣೆಗೆ ಕರೆಸಿ ಕೇಳಿದ್ದರಿಂದ, ಈ ಮೂಲಕ ನಾನು ತಿಳಿಸುವುದೇನೆಂದರೆ:

ಕಳೆದ 8ನೇ ತಾರೀಖು ಭಾನುವಾರ ತೆಂಕಣ ಸ್ಪೋರ್ಟಿಂಗ್ ಕ್ಲಬ್ಬಿನ ವಾರ್ಷಿಕ ಪೂಜೆಯ ಊಟದಲ್ಲಿ ನಾನು ಗುಂಪು ಕಟ್ಟಿಕೊಂಡು ಅತಿಥಿಗಳನ್ನು ಅಡ್ಡಗಟ್ಟಿದೆನೆಂದು ಕ್ಲಬ್ಬಿನ ಮ್ಯಾನೇಜರ್ ಚೆನ್ನಯ ಅಂಚನ್ ದೂರು ಕೊಟ್ಟಿರುತ್ತಾರೆ. ನನಗೆ ಮರಾಠಿ ಮಾತನಾಡಲು ಬರುತ್ತದೆ. ಆದರೆ ನಾನು ಸಹಿ ಹಾಕುವ ಕಾಗದ ನನ್ನ ಭಾಷೆಯಲ್ಲೇ ಇರಲಿ ಎಂದು ಕೇಳಿಕೊಂಡದ್ದರಿಂದ, ಗಡಿಭಾಗದ ಜತ್ತ ಕಡೆಯವರಾದ ಹೆಡ್ ಕಾನ್‌ಸ್ಟೆಬಲ್ ಮುರಿಗೆಪ್ಪನವರು ಇದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ದೂರು ಸುಳ್ಳು. ನಾನು ಯಾರನ್ನೂ ಅಡ್ಡಗಟ್ಟಲಿಲ್ಲ. ನಾನು ಊಟ ಮಾಡುತ್ತಿದ್ದೆ.

ನಮ್ಮ ಕ್ಲಬ್ಬನ್ನು ಕಟ್ಟಿದವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ಕರಾವಳಿಯ ಹುಡುಗರು. ಬಂದರಿನ ಖಾಲಿ ಜಾಗದ ಪಕ್ಕದಲ್ಲಿ ಒಂದು ಮೈದಾನ, ಅದರ ಅಂಚಿಗೆ ತಗಡಿನ ಮಾಡಿನ ಒಂದು ಹಾಲ್, ಹಾಲಿನ ಗೋಡೆಯ ಮೇಲೆ ಹಸಿರು ಬಾವುಟ, ಇಷ್ಟೇ ಕ್ಲಬ್ಬಿನ ಆಸ್ತಿ. ನಾನು ಕರಾವಳಿಯವನಲ್ಲ, ಆಡಿದವನೂ ಅಲ್ಲ. ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಮೈದಾನವಿತ್ತು, ಒಂದು ಸಂಜೆ ನಿಂತು ನೋಡಿದೆ. ಆಮೇಲೆ ನಿಲ್ಲುವುದನ್ನು ಬಿಡಲಿಲ್ಲ.

ಇಪ್ಪತ್ತು ವರ್ಷಗಳಿಂದ ಕ್ಲಬ್ಬಿನ ಅಧ್ಯಕ್ಷರು ದೂಜ ಅಂಚನ್, ವಯಸ್ಸು ಸುಮಾರು 61. ಕಾಪು ಕಡೆಯವರು. ಕಪ್ಪು-ಬಸಿ ತೊಳೆಯುವ ಹುಡುಗನಾಗಿ ಬಂದು ಈಗ ಮೂರು ಹೋಟೆಲುಗಳ ಯಜಮಾನರು. ಅವರನ್ನು ಎಲ್ಲರೂ ಧಣಿ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ವಯಸ್ಸಿನಲ್ಲಿದ್ದಾಗ ಅವರು ಬ್ಯಾಕ್ ಆಡುತ್ತಿದ್ದರು. ಅವರನ್ನು ದಾಟಿ ಚೆಂಡು ಹೋಗಬಹುದಿತ್ತು, ಆಟಗಾರನಿಗೆ ಹೋಗಲಾಗುತ್ತಿರಲಿಲ್ಲ. ಅಂಥವರು ಅಧ್ಯಕ್ಷರಾದಾಗ ನಮಗೆಲ್ಲ ಹಬ್ಬವಾಗಿತ್ತು.

ನಮ್ಮ ಅಸಮಾಧಾನದ ಕಾರಣ ಏನೆಂದು ಕೇಳಿದ್ದರಿಂದ ಹೇಳುತ್ತೇನೆ. ಧಣಿಗೆ ಪಂಚಾಂಗ ಬಿಟ್ಟರೆ ಬೇರೆ ಕೋಚ್ ಇಲ್ಲ. ಗೋಲ್‌ಕೀಪರನ ಜನ್ಮನಕ್ಷತ್ರ ಕೇಳಿ ಆಡಿಸುತ್ತಾರೆ. ಕಳೆದ ಫೆಬ್ರವರಿಯಲ್ಲಿ ಒಂದು ಮಂಗಳವಾರ ನಾಲ್ಕು ಗಂಟೆಗೆ ನಮ್ಮ ಪಂದ್ಯವಿತ್ತು. ಗೆದ್ದರೆ ನಾವು ಲೀಗಿನಲ್ಲಿ ಎರಡನೆಯವರು. ಮಂಗಳವಾರ ರಾಹುಕಾಲ ನಾಲ್ಕೂವರೆವರೆಗೆ ಎಂದು ಧಣಿ ತಂಡವನ್ನು ಗೇಟಿನ ಹೊರಗೇ ನಿಲ್ಲಿಸಿಕೊಂಡರು. ಹನ್ನೊಂದು ಹುಡುಗರು ಬೂಟು ಕಟ್ಟಿಕೊಂಡು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದರು. ಒಳಗೆ ಎದುರಾಳಿಗಳು ನಿಂತಿದ್ದರು, ರೆಫರಿ ಗಡಿಯಾರ ನೋಡುತ್ತಿದ್ದರು, ನಾವು ಗ್ಯಾಲರಿಯಿಂದ ಕೂಗುತ್ತಿದ್ದೆವು. ನಾಲ್ಕೂಕಾಲಿಗೆ ರೆಫರಿ ಸೀಟಿ ಊದಿ ಎದುರಾಳಿಗೆ ವಾಕೋವರ್, ಅಂದರೆ ಆಡದೆಯೇ ಗೆಲುವು, ಕೊಟ್ಟರು. ನಾಲ್ಕೂವರೆಗೆ ಸರಿಯಾಗಿ ನಮ್ಮ ಧಣಿ ತಂಡವನ್ನು ಬಲಗಾಲಿಟ್ಟು ಒಳಗೆ ಕರೆತಂದರು. ಆ ಹೊತ್ತಿಗೆ ಮೈದಾನದಲ್ಲಿ ಒಂದು ನಾಯಿ ಮಾತ್ರ ಇತ್ತು.

ಗಾಯದ ಮೇಲೆ ಬರೆ ಎಂಬಂತೆ, ಈ ಚೆನ್ನಯ. ಇವರು ಧಣಿಯ ತಂಗಿಯ ಮಗ. ಅವರಲ್ಲಿ ಮನೆತನ ಸೋದರಳಿಯನಿಗೆ ಬರುವುದು ರೂಢಿ. ಮನೆತನ ಬರಲಿ, ಫುಟ್‌ಬಾಲ್ ತಂಡವೂ ಬರಬೇಕೇ? ಸೋತಾಗಲೆಲ್ಲ ಮೈದಾನ ಸರಿಯಿಲ್ಲ, ಹುಲ್ಲು ಉದ್ದ, ಚೆಂಡಿನ ಗಾಳಿ ಕಮ್ಮಿ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೀಗಾಗಿ ನಾವು ಪ್ರತಿ ಪಂದ್ಯದಲ್ಲೂ ಧಣಿಯನ್ನೂ ಚೆನ್ನಯನನ್ನೂ ಬೈಯುತ್ತಿದ್ದದ್ದು ನಿಜ. ನಾನೂ ಬೈದಿದ್ದೇನೆ. ಕೆಟ್ಟ ಮಾತು ಆಡಿಲ್ಲ, ಆದರೆ ಗಟ್ಟಿಯಾಗಿ ಆಡಿದ್ದೇನೆ.

5ನೇ ತಾರೀಖು ಗುರುವಾರ ಸಂಜೆ ನಾಣಿ ನನ್ನ ಖೋಲಿಗೆ ಬಂದರು. ಅವರು ಧಣಿಯ ಮಾಟುಂಗಾ ಹೋಟೆಲಿನಲ್ಲೇ ಗಲ್ಲಾದಲ್ಲಿ ಕೂರುವವರು, ಕ್ಲಬ್ಬಿನ ಮೆಂಬರು, ಉಡುಪಿಯವರು. ಅವರು ತಿಳಿಸಿದ್ದೇನೆಂದರೆ, ಧಣಿ ಕ್ಲಬ್ಬನ್ನು ಮಲಾಡಿನ ಒಬ್ಬ ಬಿಲ್ಡರ್ ಶೇಠರಿಗೆ ಒಪ್ಪಿಸುತ್ತಿದ್ದಾರೆ. ಲೀಗಿನ ಎ ಡಿವಿಜನ್ನಿನಲ್ಲಿ ನಮ್ಮ ಜಾಗಕ್ಕೆ ಶೇಠರ ಕಂಪನಿಯ ಹೆಸರು ಬರುತ್ತದೆ, ತಂಡ ಮಲಾಡಿಗೆ ಹೋಗುತ್ತದೆ, ತೆಂಕಣ ಎಂಬ ಹೆಸರು ಇರುವುದಿಲ್ಲ. ಭಾನುವಾರದ ಪೂಜೆಯ ದಿನ ಮೆಂಬರುಗಳೆಲ್ಲ ಮೊದಲ ಪಂಕ್ತಿಯಲ್ಲಿ ಉಂಡು ಲೋಕಲ್ ಹಿಡಿದು ಹೋದ ಮೇಲೆ, ಎರಡನೇ ಪಂಕ್ತಿಯಲ್ಲಿ ಶೇಠರಿಗೆ ಊಟ. ಊಟವಾದೊಡನೆ ಅದೇ ಹಾಲಿನಲ್ಲಿ ದೇವರ ಮುಂದೆ ಬಾವುಟ ಅವರ ಕೈಗೆ. ಸೋಮವಾರ ಹೊಸ ಹಂಗಾಮಿಗೆ ತಂಡದ ಹೆಸರು ಬರೆಸಲು ಕೊನೆಯ ದಿನ. ನಾಣಿ ಇಷ್ಟು ಹೇಳಿ, ಚಹಾ ಕುಡಿಯದೆ ಲೋಟ ಕೆಳಗಿಟ್ಟು, ಇನ್ನು ಮೇಲೆ ಶನಿವಾರ ಎಲ್ಲಿಗೆ ಹೋಗುವುದು ಸ್ವಾಮಿ ಎಂದು ಕೇಳಿದರು.

ಆಗ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ವಿಮಲಾ, "ಮದುವೆಮನೇಲಿ ನಮ್ಮ ಯಜಮಾನ್ರು ಎಲೆ ಮುಂದೆ ಕೂತ್ರೆ ಏಳೋದೇ ಇಲ್ಲ, ಪಂಕ್ತಿಯೋರೆಲ್ಲ ಶಾಪ ಹಾಕ್ತಾರೆ. ಅಲ್ಲೂ ಹಾಗೇ ಕೂತ್ಕೊಳ್ಲಿ ಬಿಡಿ" ಎಂದು ನಾಣಿಗೆ ಹೇಳಿದರು. ಇದು ನನ್ನನ್ನು ಹಂಗಿಸಲು ಹೇಳಿದ ಮಾತು. ಅವರ ಹೆಸರನ್ನು ದೂರಿನಲ್ಲಿ ಸೇರಿಸಬಾರದೆಂದು ಕೋರುತ್ತೇನೆ.

ನಾಣಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರುವಾಗುತ್ತದೆ. ಆಮೇಲೆ ಆರು ಗಂಟೆಯವರೆಗೆ ಧಣಿ ಬೆಂಕಿಕಡ್ಡಿಯನ್ನೂ ಕೊಡುವವರಲ್ಲ. ಆರರ ಮೇಲೆ ದೀಪ ಹಚ್ಚಿದ ಮನೆಯಿಂದ ಏನನ್ನೂ ಕಳಿಸುವವರಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಪಂಕ್ತಿಯಲ್ಲಿ ಹಿರಿಯರು ಏಳುವ ಮೊದಲು ಉಳಿದವರು ಏಳುವಂತಿಲ್ಲ, ಉಣ್ಣುವವರನ್ನು ಯಾರೂ ಎಬ್ಬಿಸುವಂತಿಲ್ಲ. ಮೆಂಬರುಗಳಲ್ಲಿ ವಯಸ್ಸಿನಲ್ಲಿ ಹಿರಿಯನು ನಾನು. ನಾಲ್ಕೂವರೆಯವರೆಗೆ ನಾನು ಏಳದಿದ್ದರೆ ಆ ದಿನ ಬಾವುಟ ಕೈ ಬದಲಾಗುವುದಿಲ್ಲ, ಮರುದಿನ ಬರೆಸುವ ಹೆಸರೂ ಹಳೆಯದೇ.

ಭಾನುವಾರ ಪೂಜೆ ಹನ್ನೆರಡೂವರೆಗೆ ಮುಗಿಯಿತು. ಒಂದೂಕಾಲಿಗೆ ಎಲೆ ಹಾಕಿದರು. ಸುಮಾರು ಅರವತ್ತು ಜನ ಕೂತೆವು. ನಾನು ಬಾವುಟದ ಕೆಳಗೆ, ಸಾಲಿನ ಮೊದಲ ಎಲೆಗೆ ಕೂತೆ. ನಾಣಿ ನನ್ನ ಎಡಕ್ಕೆ. ಅಡುಗೆ ಚೆನ್ನಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ. ಕುಂಬಳಕಾಯಿ ಹುಳಿ ಬಹಳ ಚೆನ್ನಾಗಿತ್ತು. ಎರಡೂಕಾಲಿಗೆ ಮಜ್ಜಿಗೆ ಬಂತು. ನಾನು ಮಜ್ಜಿಗೆ ಅನ್ನ ಕಲಸಿಕೊಂಡು, ತಿಂದು, ಕೊನೆಯ ಒಂದು ತುತ್ತನ್ನು ಎಲೆಯ ಮೇಲೆ ಹಾಗೇ ಬಿಟ್ಟು ಕೂತೆ. ಎಲೆಯ ಮೇಲೆ ತುತ್ತು ಇರುವವರೆಗೆ ಊಟ ಮುಗಿದಿಲ್ಲ. ಇದು ನನ್ನ ವಾದದ ಮುಖ್ಯ ಅಂಶ. ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ಕೇಳಿದೆ, ಆಗುವುದಿಲ್ಲವೆಂದರು.

ಎರಡೂವರೆಗೆ ಶೇಠರ ಕಾರು ಬಂತು. ಅವರನ್ನು ಹೊರಗೆ ಶಾಮಿಯಾನದಲ್ಲಿ ಫ್ಯಾನ್ ಹಾಕಿ ಕೂರಿಸಿದರು. ಚೆನ್ನಯ ಒಳಗೆ ಬಂದು, "ಸ್ವಾಮಿಯವರೇ, ಆಯ್ತಲ್ಲ? ಇನ್ನೊಂದು ಪಂಕ್ತಿ ಬಾಕಿ ಉಂಟು, ಸ್ವಲ್ಪ ಜಲ್ದಿ ಮಾಡಿ" ಎಂದರು. ನಾನು, "ಆಗ್ತಾ ಇದೆಯಪ್ಪ. ವಯಸ್ಸಾದೋನು, ನಿಧಾನ" ಎಂದೆ. ನಾಣಿ, "ಚೆನ್ನಯಣ್ಣ, ಇಲ್ಲಿ ಇನ್ನೊಂದು ಸೌಟು ಮಜ್ಜಿಗೆ ಬರ್ಲಿ. ಆ ಮಂಗಳವಾರ ನಾವು ಎಷ್ಟು ಹೊತ್ತು ಕಾದದ್ದು, ನೆನಪುಂಟಾ?" ಎಂದರು. ಸಾಲಿನಲ್ಲಿ ಕೆಲವರು ನಕ್ಕರು. ಚೆನ್ನಯನ ಮುಖ ಕೆಂಪಾಯಿತು. ಬಡಿಸುವವರು ಮಾತ್ರ ಸಂತೋಷದಿಂದ ಬಡಿಸುತ್ತಲೇ ಇದ್ದರು. ಅವರಲ್ಲೂ ಅರ್ಧ ಜನ ನಮ್ಮ ಮೆಂಬರುಗಳೇ.

ಮೂರು ಗಂಟೆಗೆ ಚೆನ್ನಯ ಎದುರಿನ ಅಂಗಡಿಯಿಂದ ಪೊಲೀಸರಿಗೆ ಫೋನ್ ಮಾಡಿದರು. ಮೂರೂಕಾಲಿಗೆ ಒಬ್ಬ ಸಬ್ ಇನ್‌ಸ್ಪೆಕ್ಟರ್ ಸಾಹೇಬರೂ ಇದೇ ಮುರಿಗೆಪ್ಪನವರೂ ಬಂದರು. ಇಬ್ಬರೂ ಬಾಗಿಲಲ್ಲಿ ಬೂಟು ಬಿಚ್ಚಿದರು. ಮುರಿಗೆಪ್ಪನವರು ನನ್ನೆದುರು ಬಗ್ಗಿ, "ಏನ್ರಿ ಅಜ್ಜಾರ, ಊಟಾ ಇನ್ನಾ ಮುಗಿದಿಲ್ಲೇನ್ರಿ?" ಎಂದು ಕೇಳಿದರು. ನಾನು ತುತ್ತು ತೋರಿಸಿದೆ. ಅವರು ಅದನ್ನು ಸಾಹೇಬರಿಗೆ ಮರಾಠಿಯಲ್ಲಿ ಹೇಳಿದರು. ಉಣ್ಣುತ್ತಿರುವವರನ್ನು ಎಲೆಯಿಂದ ಎಬ್ಬಿಸುವುದಕ್ಕೆ ತನಗೆ ತಿಳಿದ ಕಾನೂನಿನ ಯಾವ ಕಲಮೂ ಇಲ್ಲ, ಇದ್ದರೂ ತನ್ನ ತಾಯಿ ಒಪ್ಪುವುದಿಲ್ಲ ಎಂದು ಸಾಹೇಬರು ಚೆನ್ನಯನಿಗೆ ಹೇಳಿ ಹೊರಟರು. ಹೊರಡುವ ಮೊದಲು ಇಬ್ಬರೂ ಪಾಯಸ ತೆಗೆದುಕೊಂಡ ಸಂಗತಿಯನ್ನು ಬರೆಯುವುದು ಬೇಡವೆಂದು ಮುರಿಗೆಪ್ಪನವರು ಹೇಳಿದ್ದರಿಂದ ನಾನು ಅದನ್ನು ಹೇಳುವುದಿಲ್ಲ.

ಇಲ್ಲಿಯವರೆಗೆ ಎಲ್ಲ ನಾವು ಅಂದುಕೊಂಡಂತೆಯೇ ಆಯಿತು. ನನ್ನ ಮಂಡಿ ಸೆಳೆಯುತ್ತಿತ್ತು, ಬಲಗೈ ಒಣಗಿ ಬಿರಿಯುತ್ತಿತ್ತು, ಆದರೂ ಖುಷಿಯಲ್ಲಿದ್ದೆ. ಆದರೆ ನಾವು ಒಂದು ಲೆಕ್ಕದಲ್ಲಿ ತಪ್ಪಿದ್ದೆವು.

ಧಣಿ ಬಾಗಿಲ ಪಕ್ಕದ ಕಂಬದ ಹತ್ತಿರ ನಿಂತಿದ್ದರು. ಪೂಜೆಗೆ ಕೂತವರಾದ್ದರಿಂದ ಬೆಳಿಗ್ಗೆಯಿಂದ ಉಪವಾಸ. ಉಣಬಡಿಸುವ ಯಜಮಾನ ಕೊನೆಯ ಅತಿಥಿಯ ಊಟ ಆಗುವವರೆಗೆ ಉಣ್ಣುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು. ಅವರ ಪಂಚಾಂಗವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡೆವು, ಅವರ ಹೊಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಅವರು ಮನಸ್ಸು ಮಾಡಿದ್ದರೆ ಅಡುಗೆಮನೆಗೆ ಹೋಗಿ ಏನಾದರೂ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಕ್ಲಬ್ಬನ್ನೇ ಕೊಟ್ಟುಬಿಡುವ ಮನುಷ್ಯ ಇದನ್ನು ಮಾತ್ರ ಮೀರಲಿಲ್ಲ.

ಮೂರೂ ನಲವತ್ತರ ಸುಮಾರಿಗೆ ಅವರು ಕಂಬವನ್ನು ತಬ್ಬಿ ಹಿಡಿದದ್ದನ್ನು ನೋಡಿದೆ. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. ನನಗೆ ಹೆದರಿಕೆಯಾಯಿತು. ಎದ್ದರೆ ಕ್ಲಬ್ ಹೋಯಿತು. ಏಳದಿದ್ದರೆ ಈ ಮನುಷ್ಯ ಬೀಳುತ್ತಾನೆ. ನಾಣಿ ನನ್ನ ಕಡೆ ನೋಡಿದರು. ಇಡೀ ಸಾಲು ನನ್ನ ಕಡೆ ನೋಡುತ್ತಿತ್ತು. ನಾನು ಆ ಕೊನೆಯ ತುತ್ತನ್ನು ಬಾಯಿಗೆ ಹಾಕಿಕೊಂಡು, ಏಳಲೆಂದು ಎಡಗೈಯನ್ನು ನೆಲಕ್ಕೆ ಊರಿದೆ.

ಅಷ್ಟರಲ್ಲಿ ಧಣಿಯ ಹೆಂಡತಿ ಸೇವಂತಿಯಕ್ಕ ಅಡುಗೆಮನೆಯಿಂದ ಒಂದು ಎಲೆ ಹಿಡಿದು ನೇರ ನನ್ನ ಹತ್ತಿರ ಬಂದರು. ನಾನು ಏಳುತ್ತೇನಮ್ಮ ಎಂದೆ. ಅವರು, "ನೀವು ಎದ್ದು ಏನು ಉಪಕಾರ ಮಾರಾಯ್ರೆ? ಇನ್ನು ಆ ಶೇಠ ಕೂತು, ಉಂಡು, ಏಳುವಷ್ಟರಲ್ಲಿ ಇವರು ಉಳಿಯುದಿಲ್ಲ. ಕೂತ್ಕೊಳ್ಳಿ ಸುಮ್ನೆ" ಎಂದರು. ನಾಣಿಗೆ ಆ ಕಡೆ ಸರಿಯಲು ಹೇಳಿ, ನನ್ನ ಪಕ್ಕದಲ್ಲಿ ಎಲೆ ಹಾಕಿ, ನೀರು ಚಿಮುಕಿಸಿ, ಗಂಡನ ಕಡೆ ತಿರುಗಿ, "ಹೋಯ್, ಇಲ್ಲಿ ಬನ್ನಿ, ಕೂತ್ಕೊಳ್ಳಿ" ಎಂದರು.

ಧಣಿ ಹೊರಗೆ ಶಾಮಿಯಾನದ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಆಮೇಲೆ ಬಂದು ಕೂತರು. ಸೇವಂತಿಯಕ್ಕ ಮೊದಲು ಪಾಯಸ ಬಡಿಸಿದರು, ಧಣಿ ಅದನ್ನು ಎಲೆಯಿಂದಲೇ ಬಳಿದು ಬಳಿದು ಕುಡಿದರು. ಅವರ ಕೈ ನಡುಕ ನಿಂತ ಮೇಲೆ ನಾನು ಉಸಿರು ಬಿಟ್ಟೆ.

ಚೆನ್ನಯ ಓಡಿ ಬಂದು, "ಮಾವ, ನೀವೇ ಕೂತರೆ ಹೇಗೆ? ಶೇಠರು ನೋಡ್ತಾ ಇದ್ದಾರೆ" ಎಂದರು. ಶೇಠರು ನಿಜವಾಗಿಯೂ ಬಾಗಿಲಿಗೆ ಬಂದು ನಿಂತಿದ್ದರು. ಅವರು ಹಿಂದಿಯಲ್ಲಿ ಹೇಳಿದ್ದೇನೆಂದರೆ, ಒಂದೂವರೆ ಗಂಟೆ ತನ್ನನ್ನು ಹೊರಗೆ ಕೂರಿಸಿ ಕರೆದವರೇ ಉಣ್ಣಲು ಕೂತಿದ್ದಾರೆ, ಇಂಥ ಅತಿಥಿಸತ್ಕಾರ ತಾನು ಎಲ್ಲೂ ಕಂಡಿಲ್ಲ, ಇಂಥವರ ಕ್ಲಬ್ ತನಗೆ ಪುಕ್ಕಟೆ ಕೊಟ್ಟರೂ ಬೇಡ. ಅವರು ಸಿಟ್ಟಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಯಾರಾದರೂ ಸಿಟ್ಟಾಗುತ್ತಾರೆ. ಕಾರು ಶುರುವಾದ ಸದ್ದು ಒಳಗೆ ಕೇಳಿಸಿತು. ಚೆನ್ನಯ ಅದರ ಹಿಂದೆ ಗೇಟಿನವರೆಗೆ ಓಡಿದರು. ಧಣಿ ತಲೆ ಎತ್ತಲಿಲ್ಲ, ಇನ್ನೂ ಸ್ವಲ್ಪ ಹುಳಿ ಹಾಕಲು ಹೇಳಿದರು.

ಆಮೇಲೆ ಅವರು ಅನ್ನ ಕಲಸುತ್ತಾ, "ಆ ಮಂಗಳವಾರದ್ದು ನೀವು ಇನ್ನೂ ಬಿಟ್ಟಿಲ್ಲವಾ ಸ್ವಾಮಿ?" ಎಂದು ಕೇಳಿದರು. ಇಲ್ಲ, ಬಿಡುವುದೂ ಇಲ್ಲ ಎಂದೆ. ಏಕೆ ಕೊಡಲು ಹೊರಟಿರಿ ಎಂದು ನಾನು ಕೇಳಿದೆ. ಅದಕ್ಕೆ ಅವರು, "ಇಪ್ಪತ್ತು ವರ್ಷ ನಿಮ್ಮ ಬೈಗಳು ತಿಂದದ್ದು ನಾನು. ಸಾಕಾಯ್ತು ಮಾರಾಯ್ರೆ. ಇನ್ನು ಆ ಶೇಠ ತಿನ್ನಲಿ ಅಂತ" ಎಂದರು. ನಾನು, "ಆ ಶೇಠನ್ನ ಯಾರು ಬೈತಾರೆ ಧಣಿ? ಅವನು ನಮಗೇನಾಗಬೇಕು?" ಎಂದೆ. ಧಣಿ ತುತ್ತನ್ನು ಬಾಯಿಗೆ ಹಾಕಿಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದು ಹುಳಿಯ ಖಾರಕ್ಕೆ ಎಂದು ಅವರೇ ಹೇಳಿದರು. ಹುಳಿ ಅಷ್ಟು ಖಾರವಿರಲಿಲ್ಲ.

ಅವರ ಊಟ ಮುಗಿಯುವ ಹೊತ್ತಿಗೆ ನಾಲ್ಕೂವರೆ ದಾಟಿತ್ತು. ನಾನು ಹಿರಿಯನಾದ್ದರಿಂದ ಅವರು ನಾನು ಏಳಲೆಂದು ಕಾದರು. ಅವರು ಯಜಮಾನರಾದ್ದರಿಂದ ನಾನು ಅವರು ಏಳಲೆಂದು ಕಾದೆ. ಕೊನೆಗೆ ಸೇವಂತಿಯಕ್ಕ, ಇಬ್ಬರೂ ಒಟ್ಟಿಗೆ ಎದ್ದು ಪಾತ್ರೆ ತೊಳೆಯುವವರಿಗೆ ಪುಣ್ಯ ಕಟ್ಟಿಕೊಳ್ಳಿ ಎಂದರು. ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಧಣಿ ತಮ್ಮ ಎಂಜಲಾಗದ ಎಡಗೈಯಿಂದ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಆ ದಿನ ಆ ಹಾಲಿನಲ್ಲಿ ಒಬ್ಬರು ಇನ್ನೊಬ್ಬರ ಮೈ ಮುಟ್ಟಿದ್ದು ಇದೊಂದೇ ಸಲ. ಬಲಪ್ರಯೋಗ ನಡೆದಿದೆಯೆಂದು ದೂರಿನಲ್ಲಿ ಇರುವುದರಿಂದ ಇದನ್ನು ವಿಶೇಷವಾಗಿ ತಿಳಿಸಿದ್ದೇನೆ.

ಮರುದಿನ 9ನೇ ತಾರೀಖು ಸೋಮವಾರ ತಂಡವನ್ನು ಹಳೆಯ ಹೆಸರಿನಲ್ಲೇ ಬರೆಸಲಾಯಿತು. ಬರೆಸಲು ಧಣಿಯೇ ಹೋಗಿದ್ದರು. ರಾಹುಕಾಲ ಕಳೆದ ಮೇಲೆ ಹೋಗಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಚೆನ್ನಯ ಈಗಲೂ ಮ್ಯಾನೇಜರ್ ಆಗಿಯೇ ಇದ್ದಾರೆ. ಶೇಠರ ಮುಂದೆ ತನಗಾದ ಅವಮಾನಕ್ಕೆ ಅವರು ಈ ದೂರು ಕೊಟ್ಟಿದ್ದಾರೆ. ಅವರ ಮೇಲೆ ನನಗೆ ದ್ವೇಷವಿಲ್ಲ, ಮುಂದಿನ ಪಂದ್ಯದೊಳಗೆ ಆಫ್‌ಸೈಡ್ ಎಂದರೇನೆಂದು ಅವರು ತಿಳಿದುಕೊಂಡರೆ ಸಾಕು.

ಮೊನ್ನೆ 14ನೇ ತಾರೀಖು ಶನಿವಾರ ಹಂಗಾಮಿನ ಮೊದಲ ಪಂದ್ಯವಿತ್ತು. ಮೂರು ಗೋಲುಗಳಿಂದ ಸೋತೆವು. ಎರಡನೇ ಗೋಲು ಬಿದ್ದಾಗ ಗ್ಯಾಲರಿಯಲ್ಲಿದ್ದ ನಾವೆಲ್ಲ ಧಣಿಯನ್ನು ಹೆಸರು ಹಿಡಿದು ಬೈದೆವು. ಅವರು ನಮಗಿಂತ ಎರಡು ಮೆಟ್ಟಿಲು ಕೆಳಗೆ, ಸೇವಂತಿಯಕ್ಕ ಕಟ್ಟಿಕೊಟ್ಟ ತಿಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬೈದಾಗ ಅವರು ಹಿಂದಕ್ಕೆ ತಿರುಗಿ, "ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ, ಈ ಕಿವಿ ಮಂದ" ಎಂದರು. ನಾನು ಜೋರಾಗಿ ಹೇಳಿದೆ. ಕೊನೆಯ ಸೀಟಿ ಊದುವವರೆಗೆ ಅವರೂ ಏಳಲಿಲ್ಲ, ನಾವೂ ಏಳಲಿಲ್ಲ.

ಇಷ್ಟು ನನ್ನ ಹೇಳಿಕೆ. ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು, ಉಂಡದ್ದು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ವಡಾಲ, ಮುಂಬಯಿ
ದಿನಾಂಕ: 16-11-1987

ಸಹಿ
(ಎನ್. ರಾಮಸ್ವಾಮಿ)

ನನ್ನ ಸಮಕ್ಷಮ ಬರೆದುಕೊಳ್ಳಲಾಗಿದೆ
ಮುರಿಗೆಪ್ಪ, ಹೆಡ್ ಕಾನ್‌ಸ್ಟೆಬಲ್